ಸಾಲದ ಹುರುಪು

ಫ್ರಾನ್ಸ್ ದೇಶದ ದಕ್ಷಿಣ ಭಾಗದಲ್ಲಿ ಮಾಂಟ್ ವೆಂಟೂ ಎಂಬ ಒಂಟಿ ಪರ್ವತವೊಂದುಂಟು. ಅದರ ಎತ್ತರ ಸುಮಾರು 1,900 ಮೀಟರು. ನೆತ್ತಿಯ ಮೇಲೆ ಮರವಿಲ್ಲ, ನೆರಳಿಲ್ಲ. ಬಿಸಿಲಿಗೆ ಕಾದು ಬೆಳ್ಳಗೆ ಹೊಳೆಯುವ ಸುಣ್ಣಕಲ್ಲಿನ ರಾಶಿ ಮಾತ್ರ. 1967ನೆಯ ಇಸವಿ ಜುಲೈ 13ರಂದು ಟೂರ್ ಡಿ ಫ್ರಾನ್ಸ್ ಎಂಬ ಪ್ರಸಿದ್ಧ ಸೈಕಲ್ ಪಂದ್ಯದ ಸವಾರರು ಉರಿಬಿಸಿಲಿನಲ್ಲಿ ಆ ಏರನ್ನು ಹತ್ತುತ್ತಿದ್ದರು. ಅವರಲ್ಲಿ ಟಾಮ್ ಸಿಂಪ್ಸನ್ ಎಂಬ 29 ವರ್ಷದ ಆಂಗ್ಲ ತರುಣನೂ ಇದ್ದನು. 1965ರಲ್ಲಿ ವಿಶ್ವವಿಜೇತನೆನಿಸಿದ್ದ ಧೀರ ಅವನು. ಶಿಖರವು ಇನ್ನೇನು ಸಮೀಪಿಸಿತು ಎನ್ನುವಾಗ ಅವನ ಸೈಕಲ್ಲು ರಸ್ತೆಯ ಒಂದು ಅಂಚಿನಿಂದ ಮತ್ತೊಂದು ಅಂಚಿಗೆ ಓಲಾಡತೊಡಗಿತು. ಅವನು ಕೆಳಕ್ಕೆ ಬಿದ್ದನು. ಅವನ ಹಟಕ್ಕೆ ಸೋತು ಜೊತೆಯವರು ಮತ್ತೆ ಸೈಕಲ್ಲಿನ ಮೇಲೆ ಕೂರಿಸಿದರು. ಕೆಲವು ನೂರು ಮೀಟರು ಸಾಗುವಷ್ಟರಲ್ಲಿ ಪುನಃ ಕುಸಿದನು, ಮತ್ತೆ ಏಳಲಿಲ್ಲ. ಅವನ ಅಂಗಿಯ ಜೇಬಿನಲ್ಲಿ ಮಾತ್ರೆಗಳ ಕೊಳವೆಗಳು ದೊರೆತವು. ಶವಪರೀಕ್ಷೆಯಲ್ಲಿ ಆಂಫೆಟಮಿನ್ ಎಂಬ ಉತ್ತೇಜಕವೂ ಮದ್ಯವೂ ಕಂಡುಬಂದವು.

ಆ ಮಾತ್ರೆ ಸಿಂಪ್ಸನ್ನನಿಗೆ ಮಾಡಿದ್ದೇನು? ದೇಹದೊಳಗೆ ಹೊಸದಾಗಿ ಒಂದು ಗುಲಗಂಜಿಯಷ್ಟು ಶಕ್ತಿಯನ್ನೂ ಅದು ತಂದಿಡಲಿಲ್ಲ. ದಣಿವು ದೇಹದ ಕಾವಲುಗಾರ. 'ಇನ್ನು ಸಾಕು, ನಿಲ್ಲು' ಎಂದು ಕೂಗಿ ಹೇಳುವುದು ಅದರ ಕೆಲಸ. ಉತ್ತೇಜಕವು ಆ ಕಾವಲುಗಾರನ ಬಾಯಿ ಕಟ್ಟಿಬಿಡುತ್ತದೆ. ಮಿದುಳಿನ ನರಕೋಶಗಳು ಒಂದರೊಡನೊಂದು ವ್ಯವಹರಿಸುವುದು ಡೋಪಮಿನ್, ನಾರ್‌ಅಡ್ರಿನಲಿನ್ ಮುಂತಾದ ರಾಸಾಯನಿಕಗಳ ಮೂಲಕ. ಹಸಿದಾಗ ಉಂಡರೆ, ಲೆಕ್ಕ ಬಿಡಿಸಿದರೆ, ಗೆಳೆಯನನ್ನು ಕಂಡರೆ ಇವು ಹನಿಹನಿಯಾಗಿ ಸುರಿಯುತ್ತವೆ. ಕೆಲಸ ಮುಗಿದೊಡನೆ ಹಿಂದಿರುಗಿ ಕಣಜ ಸೇರುತ್ತವೆ. ಉತ್ತೇಜಕ ಹೊಕ್ಕಾಗ ಕಣಜದ ಬಾಗಿಲೇ ಒಡೆದಂತಾಗುತ್ತದೆ. ಹೃದಯ ಓಡತೊಡಗುತ್ತದೆ, ರಕ್ತದ ಒತ್ತಡ ಏರುತ್ತದೆ, ನಿದ್ರೆಯೂ ಹಸಿವೂ ದೂರವಾಗುತ್ತವೆ. ಚರ್ಮದ ರಕ್ತನಾಳಗಳು ಕುಗ್ಗುವುದರಿಂದ ಮೈಯ ಕಾವು ಹೊರಹೋಗಲಾರದೆ ಒಳಗೇ ಉಳಿಯುತ್ತದೆ. ಬೆಟ್ಟದ ಮೇಲೆ ಸಿಂಪ್ಸನ್ನನ ಪ್ರಾಣಕ್ಕೆ ಎರವಾದದ್ದು ಈ ಕಾವು, ಬಳಲಿಕೆ ಮತ್ತು ಮದ್ದುಗಳ ಕೂಟವೇ.

ಆಂಫೆಟಮಿನ್ನನ್ನು 1887ರಲ್ಲಿ ಬರ್ಲಿನ್ನಿನಲ್ಲಿ ಮೊದಲು ತಯಾರಿಸಿದವನು ರೊಮಾನಿಯಾದ ಎಡಿಲಿಯಾನು ಎಂಬ ರಸಾಯನಶಾಸ್ತ್ರಜ್ಞ. ಅದರ ಗುಣ ಜಗತ್ತಿಗೆ ತಿಳಿಯಲು ಕೆಲವು ದಶಕಗಳೇ ಬೇಕಾದವು. ಎರಡನೆಯ ಮಹಾಯುದ್ಧದಲ್ಲಿ ಅದರ ಸೋದರವಸ್ತುವಾದ ಮೆಥಾಂಫೆಟಮಿನ್ ಜರ್ಮನಿಯ ಮತ್ತು ಜಪಾನಿನ ಸೈನಿಕರ ಕೈ ಸೇರಿತು. ಯುದ್ಧ ಮುಗಿದ ಮೇಲೆ ಉಳಿದ ದಾಸ್ತಾನು ಜಪಾನಿನ ಪೇಟೆಗೆ ಹರಿದು, ಅಲ್ಲಿನ ಯುವಕರಲ್ಲಿ ಚಟವಾಗಿ ಹಬ್ಬಿ, 1951ರಲ್ಲಿ ಅದಕ್ಕಾಗಿಯೇ ಪ್ರತ್ಯೇಕ ಕಾನೂನು ಮಾಡಬೇಕಾಯಿತು.

ಇತ್ತೀಚಿನ ಕಥೆ ಇನ್ನೂ ವಿಚಿತ್ರವಾದುದು. ಯೆಮೆನ್ ಮತ್ತು ಇಥಿಯೋಪಿಯಾಗಳ ಜನ ಖಾತ್ ಎಂಬ ಗಿಡದ ಹಸಿ ಎಲೆಯನ್ನು, ನಮ್ಮವರು ವೀಳ್ಯದೆಲೆ ಅಗಿಯುವಂತೆ, ಬಹುಕಾಲದಿಂದ ಅಗಿಯುತ್ತ ಬಂದಿದ್ದಾರೆ. ಅದರಲ್ಲಿ ಕ್ಯಾಥಿನೋನ್ ಎಂಬ ಉತ್ತೇಜಕವಿದೆ. ಎಲೆ ಬಾಡಿದಂತೆ ಅದರ ಸತ್ವ ಕುಂದುತ್ತದೆ. ಗಂಟೆಗಟ್ಟಲೆ ಅಗಿದರೆ ಇಷ್ಟಿಷ್ಟೇ ರಸ ಒಳಸೇರುತ್ತದೆ. ನಿಸರ್ಗವು ಇಟ್ಟ ಈ ಮಿತಿಯನ್ನು ಪ್ರಯೋಗಶಾಲೆ ಅಳಿಸಿಹಾಕಿತು. ಕ್ಯಾಥಿನೋನಿನ ಅಣುರಚನೆಯನ್ನು ತುಸು ಬದಲಿಸಿ ಮಾಡಿದ ಮೆಫೆಡ್ರೋನ್ ಎಂಬ ವಸ್ತುವು 1929ರಷ್ಟು ಹಿಂದೆಯೇ ವಿಜ್ಞಾನ ಪತ್ರಿಕೆಯಲ್ಲಿ ವರ್ಣಿತವಾಗಿ, ಮರೆಯಾಗಿ, ಈ ಶತಮಾನದ ಮೊದಲ ದಶಕದಲ್ಲಿ ಪುನಃ ತಲೆಯೆತ್ತಿತು. ಇಂಗ್ಲೆಂಡಿನಲ್ಲಿ ಅದನ್ನು 'ಗಿಡದ ಗೊಬ್ಬರ'ವೆಂದೂ, ಅದರ ಬಂಧುಗಳನ್ನು ಅಮೆರಿಕದಲ್ಲಿ 'ಸ್ನಾನದ ಉಪ್ಪು' ಎಂದೂ ಹೆಸರಿಟ್ಟು, 'ಮನುಷ್ಯರ ಸೇವನೆಗಲ್ಲ' ಎಂದು ಮೇಲೆ ಅಚ್ಚು ಹಾಕಿ, ಬಹಿರಂಗವಾಗಿಯೇ ಮಾರಿದರು. ಯಾವ ಗಿಡವೂ ಆ ಗೊಬ್ಬರವನ್ನು ಉಂಡು ಬೆಳೆಯಲಿಲ್ಲವೆಂಬುದು ಮಾರುವವನಿಗೂ ಕೊಳ್ಳುವವನಿಗೂ ಗೊತ್ತಿದ್ದ ವಿಷಯ.

ಕಾನೂನು ಒಂದು ಅಣುವನ್ನು ಹೆಸರಿಸಿ ನಿಷೇಧಿಸುತ್ತದೆ. ತಯಾರಕನು ಆ ಅಣುವಿನ ಒಂದು ಮೂಲೆಯನ್ನು ಬದಲಿಸಿ, ಇದು ಬೇರೆ ವಸ್ತುವೆಂದು ವಾದಿಸುತ್ತಾನೆ. ಬ್ರಿಟನ್ 2010ರಲ್ಲಿ ಮೆಫೆಡ್ರೋನನ್ನು ನಿಷೇಧಿಸಿತು. ಒಡನೆಯೇ ಬೇರೆ ಹೆಸರಿನ ಪುಡಿಗಳು ಬಂದವು. ಬೆನ್ನಟ್ಟಿ ಬೇಸತ್ತ ಆ ದೇಶ 2016ರಲ್ಲಿ ಮನಸ್ಸನ್ನು ಕೆಡಿಸುವ ಹೊಸ ವಸ್ತುಗಳ ಮಾರಾಟವನ್ನೆಲ್ಲ ಒಟ್ಟಾಗಿ ತಡೆಯುವ ಕಾಯಿದೆಯನ್ನು ಜಾರಿಗೆ ತಂದಿತು. ಭಾರತದಲ್ಲಿ ಮೆಫೆಡ್ರೋನ್ 2015ರಲ್ಲಿ ಮಾದಕ ವಸ್ತುಗಳ ಕಾಯಿದೆಯ ಪಟ್ಟಿಗೆ ಸೇರಿತು.

ಬದಲಾದ ಆ ಒಂದು ಮೂಲೆಯಲ್ಲಿಯೇ ಅಪಾಯ ಅಡಗಿದೆ. ಆಸ್ಪತ್ರೆಯ ಔಷಧ ವರ್ಷಗಟ್ಟಲೆ ಪರೀಕ್ಷೆಗೆ ಒಳಗಾಗಿ ರೋಗಿಯ ಕೈ ಸೇರುತ್ತದೆ. ಇಂಥ ಪುಡಿಗೆ ಮೊದಲ ಪರೀಕ್ಷಾಪ್ರಾಣಿ ಅದನ್ನು ಕೊಂಡ ಹುಡುಗನೇ. ಪೊಟ್ಟಣದ ಹೆಸರು ಒಂದಾದರೂ ಒಳಗಿನ ವಸ್ತು ಈ ವಾರ ಒಂದು, ಮುಂದಿನ ವಾರ ಇನ್ನೊಂದು. ಪ್ರಜ್ಞೆ ತಪ್ಪಿ ಬಂದವನ ಮೈಯಲ್ಲಿ ಏನಿದೆಯೆಂದು ವೈದ್ಯರಿಗೂ ಒಡನೆ ತಿಳಿಯದು. ಮೈಯ ಕಾವು ವಿಪರೀತವಾಗಿ ಏರಿದಾಗ ಸ್ನಾಯುಗಳು ಕರಗಿ, ಆ ಕಸ ಮೂತ್ರಪಿಂಡವನ್ನು ಕಟ್ಟುತ್ತದೆ. ಕೆಲವರಿಗೆ ಯಾರೋ ಹಿಂಬಾಲಿಸುತ್ತಿರುವಂತೆ, ಗೋಡೆಯಾಚೆ ಪಿಸುಗುಟ್ಟುತ್ತಿರುವಂತೆ ಭ್ರಮೆ ಹುಟ್ಟುತ್ತದೆ. ಹೆತ್ತ ತಾಯಿಯೇ ಶತ್ರುವಾಗಿ ಕಾಣುತ್ತಾಳೆ. ಅಮಲು ಇಳಿದ ಮೇಲೆ ಬರಿದಾದ ಕಣಜದ ಮುಂದೆ ಕುಳಿತ ಮನಸ್ಸಿಗೆ ಊಟ, ಆಟ, ಸ್ನೇಹ ಯಾವುದೂ ರುಚಿಸುವುದಿಲ್ಲ. ಆ ಬೇಸರವನ್ನು ನೀಗಲು ಮತ್ತೊಂದು ಚಿಟಿಕೆ. ಸಾಲ ತೀರಿಸಲು ಸಾಲ ಮಾಡಿದಂತೆ.

ಎಷ್ಟೋ ವಿದ್ಯಾರ್ಥಿಗಳಿಗೆ ಇಂಥ ವಸ್ತು ಮೊದಲು ಎದುರಾಗುವುದು ಅಮಲಿನ ಆಸೆಯಿಂದಲ್ಲ, ಪರೀಕ್ಷೆಯ ಭಯದಿಂದ. ರಾತ್ರಿಯಿಡೀ ಓದಬಹುದೆಂದು ಯಾರೋ ಮಾತ್ರೆ ನೀಡುತ್ತಾರೆ. ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದು ನಿದ್ರೆಯಲ್ಲಿ ಎಂಬುದನ್ನು ಅವರು ಹೇಳುವುದಿಲ್ಲ.

ಚಟಕ್ಕೆ ಸಿಕ್ಕವನು ಹಿಂದಿರುಗಲಾರನೆಂಬ ಮಾತು ಮಾತ್ರ ಸುಳ್ಳು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನದ ಚಿಕಿತ್ಸೆಗೆಂದೇ ವಿಭಾಗವಿದೆ. ಚಿಕಿತ್ಸೆ ನಿಧಾನವಾದುದು, ಕೆಲವರು ಒಂದೆರಡು ಸಲ ಜಾರಿ ಮತ್ತೆ ಎದ್ದು ನಿಲ್ಲುತ್ತಾರೆ. ಪೊಲೀಸರ ಹೆದರಿಕೆಯಿಂದ ಮನೆಯವರು ಹುಡುಗನನ್ನು ಬಚ್ಚಿಡುವುದುಂಟು. ಆದರೆ 1985ರ ಮಾದಕ ವಸ್ತುಗಳ ಕಾಯಿದೆಯಲ್ಲೇ 64ಎ ಎಂಬ ವಿಧಿಯಿದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಅಪರಾಧಕ್ಕೆ ಸಿಕ್ಕಿದ ವ್ಯಸನಿಯು ತಾನಾಗಿಯೇ ಮುಂದೆ ಬಂದು ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಯನ್ನು ಪೂರ್ಣಗೊಳಿಸಿದರೆ ಆ ವಿಧಿಯು ಅವನಿಗೆ ವಿಚಾರಣೆಯಿಂದ ರಕ್ಷಣೆ ನೀಡುತ್ತದೆ. 14446 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಎಲ್ಲಿಗೆ ಹೋಗಬೇಕೆಂಬುದನ್ನು ಹಣವಿಲ್ಲದೆ ತಿಳಿಸುತ್ತಾರೆ.