ಮೌಸ್ ಬಿಡಿ, ಐದು ಕೀ ಸಾಕು

ಒಂದು ಮದುವೆಗೆ 2,000 ಫೋಟೊ ಎಂದುಕೊಳ್ಳಿ. ಒಂದೊಂದನ್ನೂ ದೊಡ್ಡದು ಮಾಡಿ ನೋಡಲು ಮೌಸ್ ಹಿಡಿದು ಬಟನ್ ಹುಡುಕುವುದಕ್ಕೆ 3 ಸೆಕೆಂಡ್ ಹೋದರೂ ಒಟ್ಟು 100 ನಿಮಿಷ ವ್ಯರ್ಥ. ಅಷ್ಟರಲ್ಲಿ ಹುಡುಗಿಯ ಮನೆಯವರ ಫೋನ್ ಬಂದಿರುತ್ತದೆ: ‘ಆಲ್ಬಂ ಯಾವಾಗ ಕೊಡ್ತೀರಿ ಸರ್?’

ಸಮಯದ ಲೆಕ್ಕ ಒಂದು ಕಡೆ ಇರಲಿ. ಬಟನ್ ಹುಡುಕಲು ಹೊರಟ ಕಣ್ಣು ಫೋಟೊದ ಮೇಲಿಂದ ಸರಿಯುತ್ತದೆ. ಮರಳಿ ಬರುವಷ್ಟರಲ್ಲಿ ಹಿಂದಿನ ಫೋಟೊದಲ್ಲಿ ಮದುಮಗಳು ಕಣ್ಣು ಮುಚ್ಚಿದ್ದಳೋ ಇಲ್ಲವೋ ಎಂಬುದು ಮರೆತಿರುತ್ತದೆ. ಶಾರ್ಟ್‌ಕಟ್ ಕಲಿಯಬೇಕು ಎನ್ನುವುದಕ್ಕೆ ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣ.

ಇಲ್ಲಿ ಹೇಳಿರುವುದು ಅಡೋಬಿ ಲೈಟ್‌ರೂಮ್ ಕ್ಲಾಸಿಕ್‌ನ ಕೀಗಳು. 2007ರಲ್ಲಿ ಬಂದ ಲೈಟ್‌ರೂಮ್‌ಗೆ ‘ಕ್ಲಾಸಿಕ್’ ಎಂಬ ಹೆಸರು ಅಂಟಿದ್ದು 2017ರಲ್ಲಿ. ಈಗ ಬರೀ ‘ಲೈಟ್‌ರೂಮ್’ ಎಂದು ಕರೆಯುವ ಇನ್ನೊಂದು ಕ್ಲೌಡ್ ಸಾಫ್ಟ್‌ವೇರ್ ಬಂದಿದ್ದೂ ಅದೇ ವರ್ಷ. ಅದರಲ್ಲಿ ಕೆಲವು ಕೀಗಳ ಅರ್ಥ ಬೇರೆ. ಮುಂದುವರಿಯುವ ಮುಂಚೆ ನಿಮ್ಮದು ಯಾವುದೆಂದು ನೋಡಿಕೊಳ್ಳಿ.

ಶುರು ಮಾಡುವ ಮುನ್ನ

ಕಂಪ್ಯೂಟರಿನಲ್ಲಿ ನುಡಿ ಅಥವಾ ಬೇರೆ ಕನ್ನಡ ಕೀಬೋರ್ಡ್ ಆನ್ ಆಗಿದ್ದರೆ ಮೊದಲು ಇಂಗ್ಲಿಷ್‌ಗೆ ಬದಲಿಸಿ. ಆಲ್ಬಂಗೆ ಹೆಸರು ಟೈಪ್ ಮಾಡಿ ಹಾಗೇ ಇತ್ತ ಬಂದರೆ ಶಾರ್ಟ್‌ಕಟ್‌ಗಳು ಕೆಲಸ ಮಾಡದೇ ಹೋಗಬಹುದು. ಸಾಫ್ಟ್‌ವೇರ್ ಕೆಟ್ಟಿದೆ ಎಂದು ಮತ್ತೆ ಇನ್‌ಸ್ಟಾಲ್ ಮಾಡಲು ಹೊರಡಬೇಡಿ. ಕೀವರ್ಡ್ ಬರೆಯುವ ಚೌಕದಲ್ಲಿ ಕರ್ಸರ್ ಮಿನುಗುತ್ತಿದ್ದರೂ ಇದೇ ಗತಿ, ಒತ್ತಿದ ಅಕ್ಷರ ಅಲ್ಲೇ ಮೂಡುತ್ತದೆ. ಎಸ್ಕೇಪ್ ಒತ್ತಿ ಹೊರಬನ್ನಿ.

ಕೀಗಳನ್ನು ಪಟ್ಟಿ ಮಾಡಿ ಗೋಡೆಗೆ ಅಂಟಿಸಿ ಬಾಯಿಪಾಠ ಮಾಡುವುದರಿಂದ ಉಪಯೋಗ ಕಡಿಮೆ. ಕೆಲಸ ಯಾವ ಕ್ರಮದಲ್ಲಿ ನಡೆಯುತ್ತದೋ ಅದೇ ಕ್ರಮದಲ್ಲಿ ಕಲಿಯಿರಿ: ಜಿ, ಇ, ಸಿ, ಎನ್, ಡಿ.

ಆರಿಸುವ ಕೆಲಸ

ಜಿ ಒತ್ತಿದರೆ ಗ್ರಿಡ್. ಫೋಟೊಗಳೆಲ್ಲ ಸಣ್ಣ ಚೌಕಗಳಲ್ಲಿ ಸಾಲಾಗಿ ಕಾಣುತ್ತವೆ. ಎಲ್ಲಿದ್ದರೂ, ಪ್ರಿಂಟ್ ವಿಭಾಗದಲ್ಲಿ ದಾರಿ ತಪ್ಪಿದ್ದರೂ, ಜಿ ಒತ್ತಿದರೆ ಇಲ್ಲಿಗೇ ಬಂದು ನಿಲ್ಲುತ್ತೀರಿ. ಒಂದೇ ಕೀ ನೆನಪಿಡುತ್ತೇನೆ ಎನ್ನುವವರು ಇದನ್ನು ಇಟ್ಟುಕೊಳ್ಳಲಿ.

ಇ ಒತ್ತಿದರೆ ಲೂಪ್, ಅಂದರೆ ಒಂದೇ ಫೋಟೊ ದೊಡ್ಡದಾಗಿ. ಇಲ್ಲಿ ಸ್ಪೇಸ್‌ಬಾರ್ ಒತ್ತಿದರೆ ಜೂಮ್ ಆಗುತ್ತದೆ, ಮತ್ತೆ ಒತ್ತಿದರೆ ಮೊದಲಿನಂತೆ. ಬಾಣದ ಕೀಯಿಂದ ಮುಂದಿನ ಫೋಟೊಗೆ ಹೋಗಿ. ಇಷ್ಟವಾದರೆ ಪಿ, ಬೇಡವಾದರೆ ಎಕ್ಸ್, ಗುರುತು ತೆಗೆಯಲು ಯು. ಕ್ಯಾಪ್ಸ್ ಲಾಕ್ ಆನ್ ಮಾಡಿಟ್ಟರೆ ಗುರುತು ಹಾಕಿದ ತಕ್ಷಣ ತಾನಾಗಿಯೇ ಮುಂದಿನ ಫೋಟೊ ಬರುತ್ತದೆ, ಬಾಣದ ಕೀ ಮುಟ್ಟುವ ಕೆಲಸವೂ ತಪ್ಪುತ್ತದೆ. ಎಕ್ಸ್ ಹಾಕಿದ್ದು ಡಿಲೀಟ್ ಆಗುವುದಿಲ್ಲ, ಬರೀ ಗುರುತು ಅಷ್ಟೇ.

ನಿಜವಾದ ಪೇಚಾಟ ಶುರುವಾಗುವುದು ಇನ್ನು ಮುಂದೆ. ಧಾರೆ ಎರೆಯುವಾಗ ಬಟನ್ ಒತ್ತಿ ಹಿಡಿದಿರುತ್ತೀರಿ, ಹೆಚ್ಚುಕಡಿಮೆ ಒಂದೇ ತರಹದ ಹತ್ತಾರು ಫೋಟೊ ಬಂದಿರುತ್ತವೆ. ಎರಡನ್ನು ಆರಿಸಿ ಸಿ ಒತ್ತಿ. ಕಂಪೇರ್ ವ್ಯೂನಲ್ಲಿ ಎರಡೂ ಅಕ್ಕಪಕ್ಕ ನಿಲ್ಲುತ್ತವೆ. ಎಡಗಡೆಯದು ಸದ್ಯದ ಆಯ್ಕೆ, ಬಲಗಡೆಯದು ಅದಕ್ಕೆ ಪೈಪೋಟಿ ಕೊಡುವ ಫೋಟೊ. ಕೆಳಗಿನ ಪಟ್ಟಿಯಲ್ಲಿರುವ ಬೀಗದ ಚಿತ್ರ ಮುಚ್ಚಿದ್ದರೆ ಒಂದನ್ನು ಜೂಮ್ ಮಾಡಿದಾಗ ಇನ್ನೊಂದೂ ಜೊತೆಯಲ್ಲೇ ಜೂಮ್ ಆಗುತ್ತದೆ. ಫೋಕಸ್ ಮದುಮಗನ ರೆಪ್ಪೆಯ ಮೇಲಿದೆಯೋ ಹಿಂದೆ ನಿಂತ ಸೋದರಮಾವನ ಪೇಟದ ಮೇಲಿದೆಯೋ ಎಂಬುದು ಆಗ ಗೊತ್ತಾಗುತ್ತದೆ. ಬಲಗಡೆಯ ಫೋಟೊ ಬದಲಿಸಲು ಬಲಬಾಣ ಒತ್ತಿ. ಅದೇ ಚೆನ್ನಾಗಿದೆ ಎನಿಸಿದರೆ ಕೆಳಬಾಣ ಒತ್ತಿ, ಎರಡೂ ಜಾಗ ಅದಲುಬದಲಾಗುತ್ತವೆ.

ಎರಡಲ್ಲ, ಐದಾರು ಇವೆ ಎಂದಾದರೆ ಎಲ್ಲವನ್ನೂ ಆರಿಸಿ ಎನ್ ಒತ್ತಿ. ಇದು ಸರ್ವೆ. ಕುಟುಂಬದ ಗ್ರೂಪ್ ಫೋಟೊಗಳಿಗೆ ಇದರಷ್ಟು ಅನುಕೂಲದ್ದು ಇನ್ನೊಂದಿಲ್ಲ, ಒಂದರಲ್ಲಿ ಅಜ್ಜಿ ಬೇರೆ ಕಡೆ ನೋಡುತ್ತಿರುತ್ತಾರೆ, ಇನ್ನೊಂದರಲ್ಲಿ ಮಗು ಅಳುತ್ತಿರುತ್ತದೆ. ಬೇಡವಾದ ಫೋಟೊದ ಮೇಲೆ ಮೌಸ್ ಇಟ್ಟರೆ ಮೂಲೆಯಲ್ಲಿ × ಗುರುತು ಕಾಣುತ್ತದೆ, ಅದನ್ನು ಒತ್ತಿ ಒಂದೊಂದನ್ನೇ ಹೊರಗೆ ಕಳಿಸಿ. ಉಳಿದವು ಪರದೆ ತುಂಬುವಂತೆ ದೊಡ್ಡದಾಗುತ್ತ ಹೋಗುತ್ತವೆ. ಹೊರಗೆ ಕಳಿಸಿದ್ದು ಹಾರ್ಡ್‌ಡಿಸ್ಕ್‌ನಲ್ಲಿ ಭದ್ರವಾಗಿಯೇ ಇರುತ್ತದೆ.

ತಿದ್ದುವ ಕೆಲಸ

ಡಿ ಒತ್ತಿದರೆ ಅದೇ ಫೋಟೊ ಡೆವಲಪ್ ವಿಭಾಗದಲ್ಲಿ ತೆರೆಯುತ್ತದೆ. ತಿದ್ದಿದ ಮೇಲೆ ಬ್ಯಾಕ್‌ಸ್ಲ್ಯಾಶ್ ಒತ್ತಿದರೆ ಮೂಲ ಚಿತ್ರ, ಮತ್ತೆ ಒತ್ತಿದರೆ ತಿದ್ದಿದ್ದು. ವೈ ಒತ್ತಿದರೆ ಎರಡೂ ಅಕ್ಕಪಕ್ಕ. ಮುಖವನ್ನು ಹಾಲಿನಂತೆ ಬೆಳ್ಳಗೆ ಮಾಡಿಬಿಡುವ ನಮ್ಮ ಕೆಲವು ಸ್ಟುಡಿಯೊಗಳು ಈ ವೈ ಕೀಯನ್ನು ಇನ್ನಷ್ಟು ಬಳಸಿದರೆ ಒಳ್ಳೆಯದು.

ಒಂದು ತೊಡಕಿದೆ. ವಿಭಾಗ ಬದಲಾದರೆ ಕೆಲವು ಕೀಗಳ ಕೆಲಸವೂ ಬದಲಾಗುತ್ತದೆ. ಲೈಬ್ರರಿಯಲ್ಲಿ ಅದೇ ಬ್ಯಾಕ್‌ಸ್ಲ್ಯಾಶ್ ಒತ್ತಿದರೆ ಮೇಲಿನ ಫಿಲ್ಟರ್ ಪಟ್ಟಿ ಮಾಯವಾಗುತ್ತದೆ.

ಪರದೆ ಕಪ್ಪಾಯಿತೇ?

ಎಲ್ ಒಮ್ಮೆ ಒತ್ತಿದರೆ ಫೋಟೊ ಬಿಟ್ಟು ಸುತ್ತಲಿನದೆಲ್ಲ ಮಂಕಾಗುತ್ತದೆ, ಎರಡನೇ ಸಲ ಪೂರ್ತಿ ಕಪ್ಪು, ಮೂರನೇ ಸಲ ಮೊದಲಿನಂತೆ. ಬೆಳಕು ಸರಿಯಿದೆಯೇ ಎಂದು ಅಳೆಯಲು ಇದು ನೆರವಾಗುತ್ತದೆ. ಆದರೆ ಸುತ್ತ ಕಪ್ಪಿದ್ದಾಗ ಫೋಟೊ ಇರುವುದಕ್ಕಿಂತ ಬೆಳಕಾಗಿ ಕಾಣುತ್ತದೆ. ಬಿಳಿ ಕಾಗದದ ಮೇಲೆ ಪ್ರಿಂಟ್ ತೆಗೆಯುವವರು ಅದನ್ನೇ ನಂಬಿ ಕೂರಬಾರದು. ಗೊತ್ತಿಲ್ಲದೆ ಎಲ್ ತಗುಲಿ ಪರದೆ ಕಪ್ಪಾದಾಗ ಮಾನಿಟರ್ ಕೇಬಲ್ ಅಲ್ಲಾಡಿಸುವವರೂ ಇದ್ದಾರೆ.

ಟ್ಯಾಬ್ ಒತ್ತಿದರೆ ಎರಡೂ ಬದಿಯ ಪ್ಯಾನೆಲ್‌ಗಳು ಮರೆಯಾಗುತ್ತವೆ, ಶಿಫ್ಟ್ ಜೊತೆ ಒತ್ತಿದರೆ ಮೇಲಿನದೂ ಕೆಳಗಿನದೂ ಸೇರಿ ನಾಲ್ಕೂ. ಚಿಕ್ಕ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವವರಿಗೆ ಇದು ದೊಡ್ಡ ಅನುಕೂಲ. ಎಫ್ ಒತ್ತಿದರೆ ಫೋಟೊ ಒಂದೇ ಪೂರ್ತಿ ಪರದೆಯಲ್ಲಿ, ಗಿರಾಕಿಗೆ ತೋರಿಸಲು ಸರಿ. ಚಿತ್ರದ ಕೆಳಗಿನ ಟೂಲ್‌ಬಾರ್ ಕಾಣೆಯಾಗಿದ್ದರೆ ಟಿ.

ಬೇರೆ ಸಾಫ್ಟ್‌ವೇರ್ ಬಳಸುವವರಿಗೆ

ಫೋಟೊಶಾಪ್‌ನಲ್ಲಿ ಎಫ್ ಒತ್ತುತ್ತ ಹೋದರೆ ಮೂರು ಬಗೆಯ ಪರದೆ ಬರುತ್ತವೆ. ಕಂಟ್ರೋಲ್ ಮತ್ತು ಸೊನ್ನೆ ಒತ್ತಿದರೆ ಇಡೀ ಚಿತ್ರ ಕಾಣುತ್ತದೆ, ಕಂಟ್ರೋಲ್ ಮತ್ತು ಒಂದು ಒತ್ತಿದರೆ 100% ಗಾತ್ರ. ಕಂಟ್ರೋಲ್ ಮತ್ತು ಟ್ಯಾಬ್ ಒತ್ತಿ ತೆರೆದಿರುವ ಒಂದು ಫೈಲಿನಿಂದ ಇನ್ನೊಂದಕ್ಕೆ ಹೋಗಬಹುದು. ದುಡ್ಡು ಕೊಡದೆ ಸಿಗುವ ಡಾರ್ಕ್‌ಟೇಬಲ್‌ನಲ್ಲಿ ಎಲ್ ಒತ್ತಿದರೆ ಫೋಟೊಗಳ ಸಾಲು, ಡಿ ಒತ್ತಿದರೆ ತಿದ್ದುವ ಕೋಣೆ.

ಮೊದಲೇ ಹೇಳಿದ ಕ್ಲೌಡ್ ಲೈಟ್‌ರೂಮ್‌ನಲ್ಲಿ ಡಿ ಎಂದರೆ ಒಂದೇ ಫೋಟೊ ದೊಡ್ಡದಾಗಿ, ಇ ಎಂದರೆ ತಿದ್ದುವ ಜಾಗ. ಎರಡನ್ನೂ ಬಳಸುವವರ ಬೆರಳು ಕೆಲವು ದಿನ ತಡಬಡಾಯಿಸುವುದು ಖಂಡಿತ.

ಕ್ಲಾಸಿಕ್‌ನಲ್ಲಿ ಯಾವುದೇ ವಿಭಾಗದಲ್ಲಿದ್ದಾಗ ಕಂಟ್ರೋಲ್ ಮತ್ತು ಸ್ಲ್ಯಾಶ್ ಒಟ್ಟಿಗೆ ಒತ್ತಿ, ಮ್ಯಾಕ್‌ನಲ್ಲಾದರೆ ಕಂಟ್ರೋಲ್ ಬದಲು ಕಮಾಂಡ್. ಆ ವಿಭಾಗದ ಕೀಗಳ ಪಟ್ಟಿ ಪರದೆಯ ಮೇಲೆಯೇ ಬರುತ್ತದೆ, ಒಂದು ಕ್ಲಿಕ್ ಮಾಡಿದರೆ ಹೋಗುತ್ತದೆ.