ಚಾಂಪಿಯನ್ ರೀಫ್: ಊರಿನ ಹೆಸರಲ್ಲೇ ಇದ್ದ ಪಾಠ

ತರಗತಿ: 9 | ವಿಷಯ: ಇಂಗ್ಲಿಷ್ | ಘಟಕ: ಶಬ್ದಸಂಪತ್ತು | ಅವಧಿ: 40 ನಿಮಿಷ

ಹಿನ್ನೆಲೆ: ಬೋಧನಾಭ್ಯಾಸಕ್ಕೆ ನಾನು ಹೋದದ್ದು ಕೆಜಿಎಫ್‌ನ ಮೈಸೂರು ಮೈನ್ಸ್ ಭಾಗದ ಒಂದು ಪ್ರೌಢಶಾಲೆಗೆ. ಮೊದಲ ದಿನ ‘ರೀಫ್’ ಎಂದರೆ ಸಮುದ್ರದಲ್ಲಿರುವ ಹವಳದ ದಿಬ್ಬ ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಒಬ್ಬ ಹುಡುಗಿ ಎದ್ದು, “ಮಿಸ್, ನಮ್ಮನೆ ಚಾಂಪಿಯನ್ ರೀಫ್‌ನಲ್ಲಿದೆ. ಅಲ್ಲಿ ಸಮುದ್ರ ಎಲ್ಲಿದೆ?” ಎಂದಳು. ತರಗತಿ ನಕ್ಕಿತು. ನನ್ನಲ್ಲಿ ಉತ್ತರವಿರಲಿಲ್ಲ. “ನಾನೂ ಹುಡುಕುತ್ತೇನೆ, ನೀವೂ ಮನೆಯಲ್ಲಿ ಕೇಳಿಕೊಂಡು ಬನ್ನಿ” ಎಂದೆ.

ಪೀಠಿಕೆ: ಮರುದಿನ ಅವಳೇ ಮೊದಲು ಕೈಯೆತ್ತಿದಳು. ಗಣಿಯೊಳಗೆ ದುಡಿದಿದ್ದ ಅವಳ ತಾತ ಹೇಳಿದ್ದರಂತೆ: ರೀಫ್ ಎಂದರೆ ಬಂಡೆಯೊಳಗೆ ಪಟ್ಟಿಯಂತೆ ಓಡುವ, ಚಿನ್ನವಿರುವ ಬಿಳಿ ಕಲ್ಲು. ಅದನ್ನೇ ಹಲಗೆಯ ಮೇಲೆ ಬರೆದೆ.

ಚಟುವಟಿಕೆ: ಪಕ್ಕೆಲುಬನ್ನು ಬೆರಳಿನಿಂದ ಮುಟ್ಟಿ ನೋಡಲು ಹೇಳಿದೆ. ಇಂಗ್ಲಿಷಿನಲ್ಲಿ ಅದು ‘ರಿಬ್’. ಉತ್ತರ ಯುರೋಪಿನ ಹಳೆಯ ನಾರ್ಸ್ ಭಾಷೆಯಲ್ಲಿ ‘ರಿಫ್’. ನೀರಿನಡಿಯಲ್ಲಿ ಪಕ್ಕೆಲುಬಿನಂತೆ ಉಬ್ಬಿದ ಬಂಡೆಗೆ ನಾವಿಕರು ಆ ಹೆಸರನ್ನೇ ಇಟ್ಟರು. ಹೀಗೆ ‘ರೀಫ್’ ಇಂಗ್ಲಿಷಿಗೆ ಬಂತು. 19ನೆಯ ಶತಮಾನದಲ್ಲಿ ಆಸ್ಟ್ರೇಲಿಯದ ಚಿನ್ನದ ಗಣಿಗಾರರು ಚಿನ್ನವಿರುವ ಬೆಣಚುಕಲ್ಲಿನ ಪಟ್ಟಿಯನ್ನೂ ‘ರೀಫ್’ ಎಂದು ಕರೆದರು.

‘ಚಾಂಪಿಯನ್’ ಎಂದೊಡನೆ ಮಕ್ಕಳು ಕ್ರಿಕೆಟ್ ಎಂದರು. ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಗಾರರ ಮಾತಿನಲ್ಲಿ ಅದು ಹಲವು ಅದಿರುಪಟ್ಟಿಗಳ ನಡುವಿನ ಮುಖ್ಯ ಪಟ್ಟಿಯ ಹೆಸರು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಗಣಿ ನಡೆಸತೊಡಗಿದಾಗ ಕಾರ್ನ್‌ವಾಲಿನವರೂ ಬಂದರು. ಇಲ್ಲಿನ ಮುಖ್ಯ ಪಟ್ಟಿ ‘ಚಾಂಪಿಯನ್ ಲೋಡ್’ ಎನಿಸಿತು. ಅದರ ಜಾಡು ಹಿಡಿದು ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗಿಂತ ಆಳಕ್ಕೆ ಇಳಿಯಿತು.

ಮೌಲ್ಯಮಾಪನ: ‘ರೀಫ್’ ಪದವನ್ನು ಎರಡೂ ಅರ್ಥಗಳಲ್ಲಿ ಬಳಸಿ ಒಂದೊಂದು ವಾಕ್ಯ ಬರೆಯಿರಿ. ಹೆಚ್ಚಿನವರು ಎರಡನೆಯ ವಾಕ್ಯದಲ್ಲಿ ತಮ್ಮ ಮನೆಯ ಹಿರಿಯರನ್ನು ತಂದರು.

ಆತ್ಮಾವಲೋಕನ: ನಾನು ಮೊದಲ ದಿನ ಬರೆದ ಅರ್ಥ ತಪ್ಪಲ್ಲ, ಅರ್ಧ. ಪಾಠಯೋಜನೆಯ ‘ಪೂರ್ವಜ್ಞಾನ’ ಕಲಮಿನಲ್ಲಿ “ವಿದ್ಯಾರ್ಥಿಗಳಿಗೆ ಸಮುದ್ರದ ಪರಿಚಯವಿದೆ” ಎಂದು ಬರೆದಿದ್ದೆ; ಅವರ ಊರಿನ ಹೆಸರನ್ನು ಕೇಳಿರಲಿಲ್ಲ. 2001ರಲ್ಲಿ ಗಣಿ ಮುಚ್ಚಿತು. ತಾತಂದಿರಿಗೆ ದಿನದ ಮಾತಾಗಿದ್ದ ಪದ ಮೊಮ್ಮಕ್ಕಳಿಗೆ ಬರೀ ವಿಳಾಸವಾಗಿದೆ. ಅರ್ಥ ಬಲ್ಲವರು ಇನ್ನೂ ಮನೆಯಲ್ಲಿರುವಾಗಲೇ ಕೇಳಿಸಬೇಕು. ಈಗ ಹೊಸ ಪದ ಬರೆಯುವ ಮೊದಲು ಕೇಳುತ್ತೇನೆ: “ಇದನ್ನು ನೀವು ಎಲ್ಲಿ ಕೇಳಿದ್ದೀರಿ?”