ಹಲ್ಲುಜ್ಜಲೊಲ್ಲದ ಕೂಸು



ಕಳೆದ ಸುಗ್ಗಿಯಲ್ಲಿ ಬೀಜದ ರಾಗಿಯ ವಿಚಾರ ಮಾತನಾಡಲು ಒಂದು ಕಣಕ್ಕೆ ಹೋಗಿದ್ದೆ. ಅಲ್ಲಿ ರೈತರೊಬ್ಬರು ತಮ್ಮ ಮೂರು ವರ್ಷದ ಮಗನನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ಮಗುವಿನ ಒಂದು ಕೆನ್ನೆ ಊದಿತ್ತು. ಮೂರು ರಾತ್ರಿಯಿಂದ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಬಾಯಿ ತೆರೆಸಿ ನೋಡಿದರೆ ಮುಂಹಲ್ಲುಗಳು ಸವೆದು ಕಪ್ಪಾಗಿವೆ, ದವಡೆ ಹಲ್ಲಿನಲ್ಲಿ ಕುಳಿ ಬಿದ್ದಿದೆ. "ಉಜ್ಜಲು ಹೋದರೆ ಕಚ್ಚುತ್ತಾನೆ ಸ್ವಾಮಿ. ಹಾಲುಹಲ್ಲು ತಾನೇ, ಹೇಗೂ ಬಿದ್ದುಹೋಗುತ್ತದೆ ಎಂದು ಬಿಟ್ಟೆವು" ಎಂದರು. ಕೆನ್ನೆ ಊದಿದ ಮೇಲೆ ಮನೆಮದ್ದಿಗೆ ಕಾಯಬಾರದು. ಅಂದೇ ಆಸ್ಪತ್ರೆಗೆ ಕಳುಹಿಸಿದೆ. ಎರಡು ಹಲ್ಲು ಕೀಳಿಸಬೇಕಾಯಿತು.

"ಬಿದ್ದುಹೋಗುವ ಹಲ್ಲು" ಎಂಬ ಮಾತು ಅರ್ಧ ನಿಜ. ಮಗುವಿಗೆ ಸುಮಾರು 6 ತಿಂಗಳಿಗೆ ಮೊದಲ ಹಲ್ಲು ಬರುತ್ತದೆ. ಮೂರು ವರ್ಷದೊಳಗೆ 20 ಹಲ್ಲು ತುಂಬುತ್ತವೆ. ಮುಂದಿನವು ಆರೇಳು ವರ್ಷಕ್ಕೆ ಬೀಳುತ್ತವೆ. ಆದರೆ ಹಿಂದಿನ ದವಡೆ ಹಲ್ಲುಗಳು 10–12 ವರ್ಷದವರೆಗೆ ಇರಬೇಕಾದವು. ಸಾಲಿನಲ್ಲಿ ಒಂದು ಗಿಡ ಸತ್ತರೆ ಪಕ್ಕದ ಗಿಡ ಆ ಜಾಗಕ್ಕೆ ವಾಲುವುದನ್ನು ತಾವು ಕಂಡಿದ್ದೀರಿ. ಬಾಯಲ್ಲಿಯೂ ಹಾಗೆಯೇ, ಹೊಸ ಹಲ್ಲಿಗೆ ಜಾಗವಿಲ್ಲದೆ ಅದು ಓರೆಯಾಗಿ ಹುಟ್ಟುತ್ತದೆ. ಇದಲ್ಲದೆ ಸುಮಾರು ಆರನೆಯ ವರ್ಷದಲ್ಲಿ, ಯಾವ ಹಲ್ಲೂ ಬೀಳದೆಯೇ, ಎಲ್ಲಕ್ಕೂ ಹಿಂದೆ ಒಂದು ದೊಡ್ಡ ದವಡೆ ಹಲ್ಲು ಹುಟ್ಟುತ್ತದೆ. ಅದು ಶಾಶ್ವತವಾದದ್ದು. ಅದನ್ನೂ ಹಾಲುಹಲ್ಲೆಂದು ತಿಳಿದು ಕೆಡಿಸಿಕೊಳ್ಳುವವರು ಬಹಳ ಮಂದಿ.

ಹಲ್ಲಿಗೆ ಅಂಟಿದ ಸೂಕ್ಷ್ಮಜೀವಿಗಳು ಸಕ್ಕರೆ ಬೆಲ್ಲಗಳನ್ನು ತಿಂದು ಆಮ್ಲವನ್ನು ಬಿಡುತ್ತವೆ. ಆ ಆಮ್ಲ ಹಲ್ಲನ್ನು ಕರಗಿಸುತ್ತದೆ. ಹಗಲಿನಲ್ಲಿ ಜೊಲ್ಲು ಅದನ್ನು ತೊಳೆಯುತ್ತದೆ, ನಿದ್ದೆಯಲ್ಲಿ ಜೊಲ್ಲು ಕಡಿಮೆ. ಆದುದರಿಂದ ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸುವುದಕ್ಕಿಂತ ಕೆಟ್ಟ ಅಭ್ಯಾಸ ಬೇರೆ ಇಲ್ಲ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಉಜ್ಜಬೇಕು. ರಾತ್ರಿಯದನ್ನಂತೂ ತಪ್ಪಿಸಬಾರದು.

ಇನ್ನು ಒಲ್ಲೆನೆನ್ನುವ ಕೂಸಿನ ಮಾತು. ಹೋರಿಗರುವನ್ನು ಪಳಗಿಸುವಾಗ ಮೊದಲ ದಿನವೇ ನೇಗಿಲು ಕಟ್ಟುತ್ತೀರಾ? ಮೊದಲು ಮೈ ತಡವುತ್ತೀರಿ, ಬರಿಯ ನೊಗ ಹೊರಿಸುತ್ತೀರಿ, ಪಳಗಿದ ಎತ್ತಿನ ಜೊತೆ ನಾಲ್ಕು ಹೆಜ್ಜೆ ನಡೆಸುತ್ತೀರಿ. ಮಗುವಿಗೂ ಅಷ್ಟು ವ್ಯವಧಾನ ಕೊಡಿ. ಮೃದುವಾದ ಪುಟ್ಟ ಬ್ರಷ್ಷನ್ನು ಎರಡು ದಿನ ಆಟಕ್ಕೆ ಕೊಡಿ, ಕಡಿಯಲಿ. ತಾವು ಬಚ್ಚಲಲ್ಲಿ ಉಜ್ಜುವಾಗ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಮಗು ತಮ್ಮ ಹಲ್ಲನ್ನು ಉಜ್ಜಲಿ, ಆಮೇಲೆ ತಾವು ಮಗುವಿನ ಹಲ್ಲನ್ನು. ಈ ಕೊಡುಕೊಳ್ಳುವಿಕೆಗೆ ಒಪ್ಪದ ಕೂಸು ಅಪರೂಪ. (ನನ್ನ ಅಕ್ಕನ ಮಗಳು ನನ್ನ ಒಸಡಿನಲ್ಲಿ ರಕ್ತ ಬರಿಸಿಯೇ ಒಪ್ಪಿದಳು.)

ಉಜ್ಜುವಾಗ ಎದುರಿಗೆ ನಿಲ್ಲಬೇಡಿ. ಮಗುವಿನ ತಲೆಯನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು ಬೆರಳಿನಿಂದ ತುಟಿಯನ್ನೆತ್ತಿ. ಆಗ ಒಸಡಿನ ಅಂಚೂ ಕಾಣುತ್ತದೆ. ಅಲ್ಲಿ ಸುಣ್ಣದಂತೆ ಬಿಳಿ ಗೆರೆ ಕಂಡರೆ ಅದೇ ಹುಳುಕಿನ ಮೊದಲ ಗುರುತು. ಗಟ್ಟಿಯಾಗಿ ಎಣಿಸಿ: ಹತ್ತು ಎಣಿಸುವವರೆಗೆ ಮೇಲಿನ ಸಾಲು, ಹತ್ತಕ್ಕೆ ಕೆಳಗಿನದು. ಎಲ್ಲಿ ಮುಗಿಯುತ್ತದೆಂದು ತಿಳಿದರೆ ಮಗು ತಾಳುತ್ತದೆ. "ಉಜ್ಜದಿದ್ದರೆ ಡಾಕ್ಟರು ಸೂಜಿ ಚುಚ್ಚುತ್ತಾರೆ" ಎಂದು ಹೆದರಿಸಬೇಡಿ, ಆಮೇಲೆ ಆಸ್ಪತ್ರೆಗೂ ಬಾರದು. ಉಜ್ಜಿದ್ದಕ್ಕೆ ಮಿಠಾಯಿ ಕೊಡುವವರನ್ನೂ ನೋಡಿದ್ದೇನೆ. ಗೊಬ್ಬರ ಹಾಕಿ ಕಳೆ ಬೆಳೆಸಿದಂತೆ! ಏಳೆಂಟು ವರ್ಷದವರೆಗೆ ದೊಡ್ಡವರ ಕೈ ಬೇಕು. ಇದು ತಾಯಿಯ ಕೆಲಸ ಮಾತ್ರವೆಂದು ಯಾರು ಹೇಳಿದರು? ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕೂರುವ ತಂದೆಗೆ ಎರಡು ನಿಮಿಷ ಸಿಕ್ಕೇ ಸಿಗುತ್ತದೆ.

ಫ್ಲೋರೈಡ್ ಇರುವ ಪೇಸ್ಟು ಹುಳುಕನ್ನು ತಡೆಯುತ್ತದೆ. ಮೂರು ವರ್ಷದೊಳಗೆ ಒಂದು ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಕಾಳಿನಷ್ಟು ಸಾಕು. ಉಗುಳಲು ಕಲಿಸಿ. ಆದರೆ ಪಾವಗಡ, ಬಾಗೇಪಲ್ಲಿ ಸೀಮೆಗಳಂತೆ ಕೊಳವೆಬಾವಿಯ ನೀರಿನಲ್ಲಿಯೇ ಫ್ಲೋರೈಡ್ ಹೆಚ್ಚಿರುವ ಊರುಗಳಲ್ಲಿ ಮಕ್ಕಳ ಹೊಸ ಹಲ್ಲು ಕಂದು ಕಲೆಯಿಂದ ಹುಟ್ಟುತ್ತದೆ. ಅದು ಉಜ್ಜಿದರೆ ಹೋಗುವ ಕೊಳೆಯಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ತಕ್ಕದ್ದಲ್ಲ. ಪಂಚಾಯಿತಿಗೆ ಹೇಳಿ ನೀರನ್ನು ಪರೀಕ್ಷೆ ಮಾಡಿಸಿ, ಪೇಸ್ಟಿನ ವಿಷಯ ದಂತವೈದ್ಯರನ್ನು ಕೇಳಿ. ಇದ್ದಿಲು, ಇಟ್ಟಿಗೆ ಪುಡಿ ಹಲ್ಲನ್ನು ಸವೆಸುತ್ತವೆ. ಹೊಗೆಸೊಪ್ಪು ಬೆರೆತ ಹಲ್ಲುಪುಡಿಯನ್ನು 1992ರಲ್ಲಿಯೇ ಸರ್ಕಾರ ನಿಷೇಧಿಸಿದೆ. ಅಜ್ಜಿಯ ಡಬ್ಬಿಯಲ್ಲಿದ್ದರೆ ಅದು ಕೂಸಿನ ಕೈಗೆ ಸಿಗದಿರಲಿ.

ಮೊನ್ನೆ ಆ ರೈತರ ಮನೆಗೆ ಹೋಗಿದ್ದೆ. ಮಗ ಅಪ್ಪನ ತೊಡೆಯ ಮೇಲೆ ಮಲಗಿ ಹತ್ತು ಎಣಿಸುವವರೆಗೂ ಬಾಯಿ ಬಿಟ್ಟುಕೊಂಡಿರುತ್ತಾನೆ. ಹನ್ನೊಂದಕ್ಕೆ ಇನ್ನೂ ಕಚ್ಚುತ್ತಾನಂತೆ.